ಸ್ಮುರ್ನದಿಂದ ಪತ್ಮೊಸ್‌ಗೆ, ಈಸ್ಟರ್ ವಾರದಲ್ಲಿ

ಸೋಮವಾರ, ಇಜ್ಮಿರ್

ಬೈಬಲ್‌ನ ಕೊನೆಯ ಪುಸ್ತಕ 'ಪ್ರಕಟನೆ'. ಅದು ಮೊದಲು ಏಳು ಊರುಗಳ ಸಭೆಗಳಿಗೆ, ಅಂದರೆ ಕ್ರೈಸ್ತ ಸಮುದಾಯಗಳಿಗೆ, ಬರೆದ ಪತ್ರ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಏಳೂ ಈಗಿನ ಟರ್ಕಿಯ ಪಶ್ಚಿಮದಲ್ಲಿವೆ. ಬರೆದ ಯೋಹಾನ ಇದ್ದದ್ದು ಪತ್ಮೊಸ್ ದ್ವೀಪದಲ್ಲಿ. ಅದು ಈಗ ಗ್ರೀಸಿಗೆ ಸೇರಿದೆ. ಮೂರು ಊರು ನೋಡಿಕೊಂಡು, ಸಮುದ್ರ ದಾಟಿ, ಗ್ರೀಕ್ ಆರ್ಥೊಡಾಕ್ಸ್ ಈಸ್ಟರ್ ಹೊತ್ತಿಗೆ ಪತ್ಮೊಸ್ ಸೇರುವುದು ನನ್ನ ಮತ್ತು ಅಕ್ಕನ ಯೋಜನೆ.

ಮಂಗಳೂರು ಕಡೆಯ ಚರ್ಚ್‌ನಲ್ಲಿ ಬೆಳೆದ ನಮಗೆ ಚಿಕ್ಕಂದಿನಲ್ಲಿ ಇದು ಭಯದ ಪುಸ್ತಕ. ಬೇಸಿಗೆಯ ಕೂಟಗಳಲ್ಲಿ ಬೋಧಕರು ಪುಸ್ತಕದಲ್ಲಿ ಬರುವ ಕೇಡಿನ ಮೃಗದ ಸಂಖ್ಯೆ 666 ಎಂದರೆ ಸಾಕು, ಮಕ್ಕಳೆಲ್ಲ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದೆವು. ಸೋಪಿನ ಪೊಟ್ಟಣದ ಬಾರ್‌ಕೋಡ್ ಕೂಡ ಮೃಗದ ಗುರುತು ಎಂದು ಕೇಳಿದ್ದೆವು. ಆದರೆ ಮನೆಯಲ್ಲಿ ಸಾವಾದಾಗ ಸಮಾಧಿಯ ಹತ್ತಿರ ಓದುವುದೂ ಇದೇ ಪುಸ್ತಕವನ್ನೇ. ದೇವರು ಕಣ್ಣೀರನ್ನೆಲ್ಲ ಒರಸಿಬಿಡುವನು, ಇನ್ನು ಮರಣ ಇರುವುದಿಲ್ಲ ಎನ್ನುವ 21ನೇ ಅಧ್ಯಾಯ. ಕೊನೆಗೆ ಒಳ್ಳೆಯದೇ ಗೆಲ್ಲುತ್ತದೆ ಎಂದು ಕ್ರೈಸ್ತರು ನಂಬುತ್ತಾರೆ. ಆದರೆ ಹೇಗೆ ಗೆಲ್ಲುತ್ತದೆ? ಹೆದರಿಸಿಯೋ, ಹೊಡೆದೋ? ಇದನ್ನು ಪುಸ್ತಕ ಹುಟ್ಟಿದ ನೆಲದಲ್ಲೇ ಓದಿ ನೋಡೋಣ ಅನ್ನಿಸಿತ್ತು.

ಇಜ್ಮಿರ್ ಎಂದರೆ ಹಳೆಯ ಸ್ಮುರ್ನ. ದೊಡ್ಡ ಬಂದರು, ಟ್ರಾಮ್, ಕಡಲ ದಂಡೆಯಲ್ಲಿ ವಾಕಿಂಗ್ ಮಾಡುವವರು. ಎಳ್ಳು ಹಚ್ಚಿದ ಬಳೆ ಆಕಾರದ ಗೆವ್ರೆಕ್ ಬ್ರೆಡ್ಡು ತಿಂದು ಹಳೆಯ ಅಗೋರಾಕ್ಕೆ ಹೋದೆವು. ಕ್ರಿ.ಶ. 178ರ ಭೂಕಂಪದಲ್ಲಿ ಊರು ಬಿದ್ದ ಮೇಲೆ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ನೆರವಿನಿಂದ ಮತ್ತೆ ಕಟ್ಟಿದ ಪೇಟೆ ಅದು. ನೆಲಮಾಳಿಗೆಯ ಕಮಾನುಗಳ ಕೆಳಗೆ ಈಗಲೂ ನೀರು ಹರಿಯುತ್ತದೆ. ಹೊರಗೆ ಬಿಸಿಲು, ಒಳಗೆ ತಂಪು. ಅಲ್ಲೇ ಕೂತು ಸ್ಮುರ್ನದ ಸಭೆಗೆ ಬರೆದ ಸಾಲುಗಳನ್ನು ಅಕ್ಕ ಓದಿದಳು. ಏಳು ಸಭೆಗಳಲ್ಲಿ ಬೈಗುಳ ಸಿಗದಿರುವುದು ಎರಡಕ್ಕೆ ಮಾತ್ರ, ಸ್ಮುರ್ನ ಮತ್ತು ಫಿಲದೆಲ್ಫಿಯ. ಸ್ಮುರ್ನದವರು ಬಡವರು, ಕಷ್ಟದಲ್ಲಿದ್ದವರು. ಕಷ್ಟ ತಪ್ಪುತ್ತದೆ ಎಂಬ ಮಾತು ಅವರಿಗೆ ಸಿಗುವುದಿಲ್ಲ. ಸಾಯುವ ತನಕ ನಂಬಿಗಸ್ತರಾಗಿರಿ, ಜೀವದ ಕಿರೀಟ ಕೊಡುತ್ತೇನೆ ಎಂಬ ಮಾತು ಸಿಗುತ್ತದೆ.

ಇದನ್ನು ಹಾಗೆಯೇ ಬದುಕಿ ತೋರಿಸಿದವನು ಇದೇ ಊರಿನ ಬಿಷಪ್ ಪಾಲಿಕಾರ್ಪ್. ಸುಮಾರು ಕ್ರಿ.ಶ. 155ರಲ್ಲಿ ಅವನನ್ನು ಕೊಂದರು. ಹಿಡಿಯಲು ಬಂದ ಸೈನಿಕರಿಗೆ ಮುದುಕ ಊಟ ಹಾಕಿಸಿದ. ಪ್ರಾರ್ಥನೆಗೆ ಒಂದು ಗಂಟೆ ಕೊಡಿ ಎಂದು ಕೇಳಿಕೊಂಡ. ಕ್ರೀಡಾಂಗಣದಲ್ಲಿ ಅಧಿಕಾರಿ, ಕ್ರಿಸ್ತನನ್ನು ಬೈದರೆ ಬಿಟ್ಟುಬಿಡುತ್ತೇನೆ ಎಂದ. 86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಏನೂ ಕೆಟ್ಟದ್ದು ಮಾಡಿಲ್ಲ, ನನ್ನನ್ನು ಉಳಿಸಿದ ರಾಜನನ್ನು ಹೇಗೆ ಬೈಯಲಿ ಎಂದು ಪಾಲಿಕಾರ್ಪ್ ಕೇಳಿದನೆಂದು ಸ್ಮುರ್ನದ ಸಭೆಯೇ ಬರೆದಿಟ್ಟಿದೆ. ಬೆಂಕಿಗೆ ಹಾಕಿದರು, ಆಮೇಲೆ ಕತ್ತಿಯಿಂದ ತಿವಿದರು. ಅವನ ಹೆಸರಿನ ಚರ್ಚ್ ಊರ ಮಧ್ಯದಲ್ಲಿದೆ, 1625ರಲ್ಲಿ ಕಟ್ಟಿದ್ದು. ಒಳಗೆ ಗೋಡೆ, ಚಾವಣಿಯ ತುಂಬ ಚಿತ್ರಗಳು. ಅವನು ಬೆಂಕಿಯಲ್ಲಿ ನಿಂತ ಚಿತ್ರಕ್ಕಿಂತ, ಹಿಡಿಯಲು ಬಂದವರಿಗೆ ಊಟ ಬಡಿಸಿದ್ದೇ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿಯಿತು.

ಮಂಗಳವಾರ, ಬೆರ್ಗಾಮಾ

ಇಜ್ಮಿರ್‌ನಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ಬಸ್ಸಿನ ಕಿಟಕಿ ತುಂಬ ಆಲಿವ್ ತೋಟ. ಬೆರ್ಗಾಮಾ ಎಂಬ ಸಣ್ಣ ಊರಿನ ಮೇಲೆ ಕಡಿದಾದ ಗುಡ್ಡ. ಗುಡ್ಡದ ಮೇಲೆ ಪೆರ್ಗಮ. ಕೇಬಲ್ ಕಾರಿನಲ್ಲಿ ಹತ್ತಿದೆವು. ಇಳಿಜಾರಿಗೆ ಅಂಟಿಕೊಂಡಂತಿರುವ ರಂಗಮಂದಿರದ ಮೇಲ್ತುದಿಯಲ್ಲಿ ನಿಂತರೆ ಕಾಲು ನಡುಗುತ್ತದೆ.

ಸೈತಾನನ ಸಿಂಹಾಸನ ಇರುವ ಊರು ಎಂದು ಯೋಹಾನ ಕರೆದದ್ದು ಇದನ್ನೇ. ಅಂತಿಪ ಎಂಬ ನಂಬಿಗಸ್ತ ಸಾಕ್ಷಿಯನ್ನು ಇಲ್ಲಿ ಕೊಂದರು ಎಂದೂ ಬರೆದಿದ್ದಾನೆ. ಏಳು ಪತ್ರಗಳಲ್ಲಿ ಸತ್ತವನ ಹೆಸರು ಹೇಳಿರುವುದು ಇದೊಂದೇ. ಯಾವುದು ಆ ಸಿಂಹಾಸನ? ಕೆಲವರು ಇಲ್ಲಿನ ದೊಡ್ಡ ಬಲಿಪೀಠ ಎನ್ನುತ್ತಾರೆ. ಇನ್ನು ಕೆಲವರು ಚಕ್ರವರ್ತಿ ಪೂಜೆ ಎನ್ನುತ್ತಾರೆ. ಕ್ರಿ.ಪೂ. 29ರಲ್ಲಿ ರೋಮ್ ಮತ್ತು ಆಗಸ್ಟಸ್‌ಗೆ ಗುಡಿ ಕಟ್ಟಲು ಈ ಪ್ರಾಂತ್ಯದಲ್ಲಿ ಮೊದಲು ಅಪ್ಪಣೆ ಸಿಕ್ಕಿದ್ದು ಪೆರ್ಗಮಕ್ಕೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಧೂಪ ಹಾಕಿ ಚಕ್ರವರ್ತಿಗೆ ಕೈ ಮುಗಿ ಎಂದು ಜೀವ ಕೇಳುವ ಆಡಳಿತ ಕೂತ ಜಾಗ ಅದು.

ಬಲಿಪೀಠದ ಜಾಗದಲ್ಲಿ ಈಗ ಮೆಟ್ಟಿಲಿನ ತಳಪಾಯ, ಪೈನ್ ಮರಗಳು, ನೆರಳಲ್ಲಿ ಮಲಗಿದ ಒಂದು ನಾಯಿ. 1878ರಲ್ಲಿ ಕಾರ್ಲ್ ಹುಮಾನ್ ಎಂಬ ಜರ್ಮನ್ ಎಂಜಿನಿಯರ್ ಅಗೆತ ಶುರು ಮಾಡಿ, ಶಿಲ್ಪಗಳೆಲ್ಲ ಬರ್ಲಿನ್ ಸೇರಿದವು. ಅದರ ಸುತ್ತ ನೂರು ಮೀಟರಿಗೂ ಉದ್ದದ ಕೆತ್ತನೆ ಇತ್ತು. ದೇವತೆಗಳು ರಾಕ್ಷಸರನ್ನು ಕೊಲ್ಲುವ ಯುದ್ಧ. ರಾಕ್ಷಸರ ಕಾಲುಗಳು ಹಾವು. ದೇವತೆಗಳು ಅವರ ಕೂದಲು ಹಿಡಿದು ಎಳೆಯುತ್ತಾರೆ, ಈಟಿಯಿಂದ ಇರಿಯುತ್ತಾರೆ. ಒಳ್ಳೆಯದು ಕೆಟ್ಟದ್ದನ್ನು ಗೆದ್ದ ಕತೆ ಅದೂ ಕೂಡ. ಗೆದ್ದ ರಾಜರು ತಮ್ಮನ್ನು ದೇವತೆಗಳ ಸಾಲಿಗೆ ಸೇರಿಸಿಕೊಂಡು, ಸೋತ ಜನರನ್ನು ರಾಕ್ಷಸರ ಸಾಲಿಗೆ ಹಾಕಿ ಕೆತ್ತಿಸಿದ ಕತೆ.

ಯೋಹಾನ ಇದನ್ನು ಹೇಗೆ ತಿರುಗಿಸುತ್ತಾನೆ ನೋಡಿ. 5ನೇ ಅಧ್ಯಾಯದಲ್ಲಿ ಒಬ್ಬ ಹಿರಿಯ ಅವನಿಗೆ, ಅಳಬೇಡ, ಯೂದಾ ಕುಲದ ಸಿಂಹ ಜಯಿಸಿದೆ ಎನ್ನುತ್ತಾನೆ. ಯೋಹಾನ ತಿರುಗಿ ನೋಡಿದರೆ ಸಿಂಹವಿಲ್ಲ. ಕೊಲ್ಲಲ್ಪಟ್ಟಂತೆ ಕಾಣುವ ಒಂದು ಕುರಿಮರಿ ನಿಂತಿದೆ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಸಿಂಹದ ಹೆಸರಿನಿಂದ ಕ್ರಿಸ್ತನನ್ನು ಮತ್ತೆ ಕರೆಯುವುದೇ ಇಲ್ಲ. ಕುರಿಮರಿ ಮಾತ್ರ 28 ಸಲ ಬರುತ್ತದೆ. ಕೊಂದದ್ದರಿಂದ ಗೆದ್ದವನಲ್ಲ, ಕೊಲ್ಲಿಸಿಕೊಂಡು ಗೆದ್ದವನು. ಹಾವಿನ ಕಾಲಿನ ರಾಕ್ಷಸರ ಕೆತ್ತನೆ ಕೆಳಗೆ ಬದುಕುತ್ತಿದ್ದ ಪೆರ್ಗಮದ ನಾಲ್ಕು ಜನ ಕ್ರೈಸ್ತರಿಗೆ ಇದನ್ನು ಕೇಳಿ ಹೇಗನ್ನಿಸಿರಬೇಕು!

ಬುಧವಾರ, ಎಫೆಸ

ಜನ ಎಂದರೆ ಜನ. ಕ್ರೂಸ್ ಹಡಗಿನವರು ಗುಂಪು ಗುಂಪಾಗಿ ಇಳಿಯುತ್ತಾರೆ. ಗ್ರಂಥಾಲಯದ ಮುಂದೆ ಫೋಟೋಗೆ ಸಾಲು. ನಾವು ಮೇಲಿನ ಬಾಗಿಲಿನಿಂದ ಬೇಗ ಹೋದದ್ದು ಒಳ್ಳೆಯದಾಯಿತು.

ದಾರಿಯ ಪಕ್ಕದಲ್ಲಿ ಜಯದೇವತೆ ನೈಕಿಯ ಕೆತ್ತನೆ ಇದೆ, ಕೈಯಲ್ಲಿ ಹೂವಿನ ಕಿರೀಟ. ಅದರ ಹತ್ತಿರವೇ ಚಕ್ರವರ್ತಿ ಡೊಮಿಷಿಯನ್ ಕಾಲದ ಗುಡಿಯ ಅವಶೇಷ. ಅದು ಅವನ ಮನೆತನದ ಪೂಜೆಗೆ ಕಟ್ಟಿದ್ದು. ಅಲ್ಲಿದ್ದ ದೈತ್ಯ ಮೂರ್ತಿಯ ತಲೆ ಮತ್ತು ತೋಳು ಸಿಕ್ಕಿವೆ. ಆ ಮುಖ ಡೊಮಿಷಿಯನ್‌ದೋ, ಅವನ ಅಣ್ಣ ಟೈಟಸ್‌ದೋ ಎಂಬ ಚರ್ಚೆ ಇನ್ನೂ ಇದೆ. ಯೋಹಾನನಿಗೆ ದರ್ಶನವಾದದ್ದು ಡೊಮಿಷಿಯನ್ ಆಳ್ವಿಕೆಯ ಕೊನೆಯಲ್ಲಿ ಎಂದು ಎರಡನೇ ಶತಮಾನದ ಬಿಷಪ್ ಐರೇನಿಯಸ್ ಬರೆದಿದ್ದಾನೆ. ಅಂದರೆ ಸುಮಾರು ಕ್ರಿ.ಶ. 95. ಕ್ರಿ.ಶ. 96ರಲ್ಲಿ ಡೊಮಿಷಿಯನ್‌ನನ್ನು ಅರಮನೆಯವರೇ ಕೊಂದರು. ಸೆನೆಟ್ ಅವನ ನೆನಪನ್ನೇ ಅಳಿಸಲು ಹೇಳಿತು. ಇಲ್ಲಿನ ಶಾಸನಗಳಲ್ಲೂ ಅವನ ಹೆಸರನ್ನು ಉಳಿಯಿಂದ ಕೆರೆದಿದ್ದಾರೆ. ಅದೇ ವರ್ಷಗಳಲ್ಲಿ ಒಬ್ಬ ಗಡೀಪಾರಾದ ಮನುಷ್ಯ ಬರೆದ ಪತ್ರವನ್ನು ನಾನು ಆ ಕಲ್ಲಿನ ಪಕ್ಕ ಕನ್ನಡದಲ್ಲಿ ಓದುತ್ತಿದ್ದೆ.

ದೊಡ್ಡ ರಂಗಮಂದಿರದಿಂದ ನೇರ ಒಂದು ಅಗಲವಾದ ಕಲ್ಲುದಾರಿ ಬಂದರಿಗೆ ಹೋಗುತ್ತಿತ್ತು. ಈಗ ಬಂದರು ಇಲ್ಲ. ನದಿ ಹೂಳು ತುಂಬಿ ಸಮುದ್ರ ಎಷ್ಟೋ ಕಿಲೋಮೀಟರ್ ಹಿಂದೆ ಸರಿದಿದೆ. ದಾರಿ ಕೊನೆಯಾಗುವುದು ಜೊಂಡಿನಲ್ಲಿ. ಅಲ್ಲಿ 18ನೇ ಅಧ್ಯಾಯ ತೆಗೆದೆ. ಬಾಬೆಲ್ ಎಂಬ ಮಹಾನಗರ ಬಿದ್ದಾಗ ವ್ಯಾಪಾರಿಗಳು ಅಳುವ ಅಧ್ಯಾಯ. ಬಾಬೆಲ್ ಎಂದರೆ ರೋಮ್ ಎಂದು ಅಂದಿನ ಓದುಗರಿಗೆ ಗೊತ್ತಾಗುತ್ತಿತ್ತು. ಯೋಹಾನ ಅವರ ಸರಕಿನ ಪಟ್ಟಿ ಕೊಡುತ್ತಾನೆ. ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ದ್ರಾಕ್ಷಾರಸ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ. ಕೊನೆಯಲ್ಲಿ ಗುಲಾಮರು, ಮನುಷ್ಯರ ಪ್ರಾಣಗಳು. ಎಫೆಸದಲ್ಲಿ ಗುಲಾಮರ ಮಾರಾಟ ನಡೆಯುತ್ತಿತ್ತು ಎನ್ನಲು ಶಾಸನಗಳೇ ಇವೆ. ಕೂಟಗಳಲ್ಲಿ ನಾವು ಕೇಳಿದ ಕೆಡುಕಿಗೆ ಕೊಂಬು, ಬಾಲ ಇರುತ್ತಿತ್ತು. ಯೋಹಾನನಿಗೆ ಕಂಡ ಕೆಡುಕಿಗೆ ಲೆಕ್ಕದ ಪುಸ್ತಕವೂ ಇತ್ತು. ಇದನ್ನು ನಮಗೆ ಯಾರಾದರೂ ಚಿಕ್ಕಂದಿನಲ್ಲೇ ಹೇಳಬೇಕಿತ್ತು, ಅಲ್ವಾ?

666 ಕೂಡ ಅದೇ ಕಾಲದ ಗುಟ್ಟು. ಆಗ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯ ಬೆಲೆ ಇತ್ತು. ರೋಮ್ ಚಕ್ರವರ್ತಿ ನೀರೋನ 'ನೀರೋ ಸೀಸರ್' ಎಂಬ ಹೆಸರನ್ನು ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿದರೆ 666 ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ. ಲ್ಯಾಟಿನ್ ರೀತಿಯಲ್ಲಿ ಕೊನೆಯ ಅಕ್ಷರ ಬಿಟ್ಟು ಬರೆದರೆ ಅದೂ ನೀರೋಗೇ ಸರಿಹೊಂದುತ್ತದೆ. ಬಹಳ ಪಂಡಿತರು ಒಪ್ಪುವುದು ಇದನ್ನೇ. ಬಾರ್‌ಕೋಡಿಗೂ ಇದಕ್ಕೂ ಸಂಬಂಧ ಇಲ್ಲ.

ಸಂಜೆ ಸೆಲ್ಚುಕ್‌ನ ಅಯಾಸುಲುಕ್ ಗುಡ್ಡ. ಆರನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಯೋಹಾನನ ಬಸಿಲಿಕಾ ಹಾಳುಬಿದ್ದಿದೆ. ಅವನ ಸಮಾಧಿ ಎನ್ನುವ ಜಾಗದಲ್ಲಿ ನಾಲ್ಕು ಕಂಬ, ಒಂದು ಚಪ್ಪಡಿ. ಕೆಳಗೆ 1375ರ ಇಸಾ ಬೇ ಮಸೀದಿ. ಅದರಾಚೆ ಆರ್ಟೆಮಿಸ್ ಗುಡಿಯ ಒಂಟಿ ಕಂಬ, ತುದಿಯಲ್ಲಿ ಕೊಕ್ಕರೆ ಗೂಡು.

ಗುರುವಾರ, ಸಮುದ್ರದ ಮೇಲೆ

ಕುಶಾದಸಿಯಿಂದ ಸಾಮೋಸ್, ಸಾಮೋಸ್‌ನಿಂದ ಪತ್ಮೊಸ್. ನಡುವೆ ಪಾಸ್‌ಪೋರ್ಟ್ ಸಾಲು, ಕಾಯುವುದು, ಬಿಸ್ಕೆಟ್. ಹಡಗಿನಲ್ಲಿ ಊರಿಗೆ ಹಬ್ಬಕ್ಕೆ ಹೋಗುವ ಗ್ರೀಕರೇ ಜಾಸ್ತಿ.

ಹೊಸ ಆಕಾಶ, ಹೊಸ ಭೂಮಿ ಕಂಡೆ, ಸಮುದ್ರ ಇನ್ನು ಇರಲಿಲ್ಲ ಎಂದು 21ನೇ ಅಧ್ಯಾಯ ಶುರುವಾಗುತ್ತದೆ. ಕಡಲತೀರದಲ್ಲಿ ಬೆಳೆದ ನನಗೆ ಇದು ಯಾವಾಗಲೂ ಬೇಸರ ತರುತ್ತಿತ್ತು. ಸಮುದ್ರವಿಲ್ಲದ ಸ್ವರ್ಗ ಯಾಕೆ? ಆದರೆ ಯೋಹಾನ ದ್ವೀಪದಲ್ಲಿ ಒಬ್ಬನೇ. ಅವನ ಜನ ಆಚೆ ದಡದಲ್ಲಿ. ಎಫೆಸ ಸುಮಾರು 100 ಕಿ.ಮೀ. ದೂರ. 13ನೇ ಅಧ್ಯಾಯದಲ್ಲಿ ಮೃಗ ಎದ್ದು ಬರುವುದೂ ಸಮುದ್ರದಿಂದಲೇ. ರೋಮಿನ ಅಧಿಕಾರಿಗಳು ಬರುತ್ತಿದ್ದದ್ದೂ ಅದೇ ದಾರಿಯಲ್ಲಿ. ಅಗಲಿಸುವ ನೀರು, ಹೆದರಿಸುವ ನೀರು. ಅದಿಲ್ಲದ ಲೋಕವನ್ನು ಅವನು ಕಂಡದ್ದು ಸಹಜವೇ.

ಇದೇ ನೀರಿನಲ್ಲಿ 2015ರಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ರಬ್ಬರ್ ದೋಣಿಗಳಲ್ಲಿ ಟರ್ಕಿಯಿಂದ ಗ್ರೀಸಿಗೆ ದಾಟಿದರು. ಸಿರಿಯಾ, ಅಫ್ಘಾನಿಸ್ತಾನ, ಇರಾಕ್‌ನಿಂದ ಓಡಿಬಂದವರು. ನೂರಾರು ಜನ ಮುಳುಗಿದರು, ಮಕ್ಕಳೂ ಸೇರಿ. 'ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು' ಎಂಬ ಸಾಲು 20ನೇ ಅಧ್ಯಾಯದಲ್ಲಿದೆ. ಕಡೆಯ ನ್ಯಾಯತೀರ್ಪಿನ ಸಾಲು ಅದು. ಹೆಸರು ಬರೆದಿಡದ ಸಾವುಗಳೂ ದೇವರ ಲೆಕ್ಕದಲ್ಲಿವೆ ಎಂದು ಕ್ರೈಸ್ತರು ನಂಬುವುದು ಇದರಿಂದ. ನ್ಯಾಯತೀರ್ಪು ಎಂದರೆ ನಾವು ಸುಮ್ನೆ ಶಿಕ್ಷೆ ಎಂದುಕೊಳ್ಳುತ್ತೇವೆ. ಈ ನೀರಿನ ಮೇಲೆ ನಿಂತು ನಾನು ಅದನ್ನು ಬೇಕು ಬೇಕು ಎಂದು ಕೇಳಿಕೊಂಡೆ.

ಪವಿತ್ರ ಗುರುವಾರ ಬೆಳಿಗ್ಗೆ ಪತ್ಮೊಸ್‌ನ ಖೋರಾ ಊರಿನ ಚೌಕದಲ್ಲಿ ಮಠದ ಗುರು ಹನ್ನೆರಡು ಸನ್ಯಾಸಿಗಳ ಕಾಲು ತೊಳೆಯುತ್ತಾರೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ನಾವು ಇಳಿಯುವಾಗ ಅದು ಮುಗಿದಿತ್ತು. ರಾತ್ರಿ ಸ್ಕಾಲಾ ಬಂದರಿನ ಚರ್ಚ್‌ನಲ್ಲಿ ಹನ್ನೆರಡು ಸುವಾರ್ತಾ ಪಾಠಗಳ ಪೂಜೆ. ಭಾಷೆ ತಿಳಿಯದಿದ್ದರೂ ನಿಂತೆವು.

ಶುಕ್ರವಾರ, ಗುಹೆ

ಪತ್ಮೊಸ್ ಪುಟ್ಟದು, ಸುಮಾರು 34 ಚ.ಕಿ.ಮೀ. ಕೆಳಗೆ ಸ್ಕಾಲಾ, ಗುಡ್ಡದ ಮೇಲೆ ಖೋರಾ, ನಡುವೆ ಗುಹೆ. ಹಳೆಯ ಕಲ್ಲುದಾರಿಯಲ್ಲಿ ನಡೆದೇ ಹತ್ತಿದೆವು. ಹಿಂದೆ ತಿರುಗಿದರೆ ಬಂದರು ಪೂರ್ತಿ ಕಾಣುತ್ತದೆ. ಅಲ್ಲಿ ನೀರಿನೊಳಗೆ ಒಂದು ಬಂಡೆ ಇದೆ. ಕೀನೊಪ್ಸ್ ಎಂಬ ಮಾಂತ್ರಿಕ ಯೋಹಾನನ ಜೊತೆ ಪಂದ್ಯ ಕಟ್ಟಿ ಸಮುದ್ರಕ್ಕೆ ಹಾರಿದ, ಯೋಹಾನ ಪ್ರಾರ್ಥಿಸಿದ, ಅವನು ಕಲ್ಲಾದ ಎಂದು ಊರಿನ ಐತಿಹ್ಯ.

ಗುಹೆಗೆ ಅಂಟಿಕೊಂಡು ಸಂತ ಅನ್ನಳ ಚಿಕ್ಕ ಚರ್ಚ್. ಒಳಗೆ ಅರ್ಧ ಕಟ್ಟಡ, ಅರ್ಧ ಬಂಡೆ. ಚಾವಣಿಯ ಬಂಡೆ ಮೂರಾಗಿ ಸೀಳಿದೆ. ದೇವರ ಧ್ವನಿ ಬಂದದ್ದು ಅಲ್ಲಿಂದ ಎನ್ನುತ್ತಾರೆ. ಯೋಹಾನ ತಲೆ ಇಡುತ್ತಿದ್ದ ಗುಳಿ, ಏಳುವಾಗ ಕೈ ಊರುತ್ತಿದ್ದ ಗುಳಿ, ಎರಡಕ್ಕೂ ಬೆಳ್ಳಿಯ ಅಂಚು. ಅವನು ಹೇಳಿದ್ದನ್ನು ಶಿಷ್ಯ ಪ್ರೊಖೊರೊಸ್ ಬರೆದುಕೊಂಡ ಎನ್ನುವ ಕಲ್ಲಿನ ಚಾಚು. ಇದೆಲ್ಲ ಪರಂಪರೆಯ ಮಾತು. ಪುಸ್ತಕದಲ್ಲಿ ಗುಹೆಯ ಸುದ್ದಿ ಇಲ್ಲ. ದೇವರ ವಾಕ್ಯಕ್ಕಾಗಿ ಪತ್ಮೊಸ್ ಎಂಬ ದ್ವೀಪದಲ್ಲಿದ್ದೆ ಎಂದಷ್ಟೇ ಇದೆ. ಆದರೂ ಮುದುಕನೊಬ್ಬ ಕೈ ಊರಿ ಏಳುವ ಗುಳಿಯನ್ನು ಜನ ಇಷ್ಟು ಕಾಲ ಜೋಪಾನ ಮಾಡಿದ್ದು ನನಗೆ ಹಿಡಿಸಿತು.

ಅಲ್ಲಿ 19ನೇ ಅಧ್ಯಾಯ ಓದಿದೆ. ಆಕಾಶ ತೆರೆಯುತ್ತದೆ. ಬಿಳಿ ಕುದುರೆ, ಅದರ ಮೇಲೆ ಸವಾರ, ಅವನೇ ಕ್ರಿಸ್ತ. ಕೊನೆಯ ಯುದ್ಧಕ್ಕೆ ಎರಡು ಕಡೆಯೂ ಸೇನೆ ಸೇರುತ್ತದೆ. ಆದರೆ ಯುದ್ಧದ ವರ್ಣನೆ ಎಲ್ಲಿ? ಒಂದು ಸಾಲೂ ಇಲ್ಲ. ಮೃಗ ಸೆರೆಸಿಕ್ಕಿತು ಎಂದು ಮುಂದಕ್ಕೆ ಹೋಗುತ್ತದೆ. ಸವಾರನ ಕತ್ತಿ ಕೈಯಲ್ಲಿಲ್ಲ, ಬಾಯಿಂದ ಬರುತ್ತದೆ. ಅವನ ಹೆಸರೇ ದೇವರ ವಾಕ್ಯ. ಯುದ್ಧ ಶುರುವಾಗುವ ಮೊದಲೇ ಅವನ ನಿಲುವಂಗಿ ರಕ್ತದಲ್ಲಿ ಅದ್ದಿದೆ. ಯೆಶಾಯನ ಗ್ರಂಥದ 63ನೇ ಅಧ್ಯಾಯ ನೋಡಿ ಅದು ಶತ್ರುಗಳ ರಕ್ತ ಎನ್ನುವವರಿದ್ದಾರೆ. ಅವನದೇ ರಕ್ತ, ಶಿಲುಬೆಯ ರಕ್ತ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಜೊತೆ. 12ನೇ ಅಧ್ಯಾಯದಲ್ಲಿ ಸೈತಾನನೆಂಬ ಘಟಸರ್ಪವನ್ನು ಜನ ಗೆದ್ದದ್ದೂ ಕುರಿಮರಿಯ ರಕ್ತದಿಂದ ಮತ್ತು ತಮ್ಮ ಸಾಕ್ಷಿಯ ಮಾತಿನಿಂದ ಎಂದೇ ಬರೆದಿದೆ.

ಪುಸ್ತಕದಲ್ಲಿ ಕಷ್ಟದ ಜಾಗಗಳಿವೆ. ಬೆಂಕಿಯ ಕೆರೆ ಇದೆ. ಕುದುರೆಯ ಕಡಿವಾಣದ ಎತ್ತರಕ್ಕೆ ಹರಿಯುವ ರಕ್ತ ಇದೆ. ಅವನ್ನು ಓದುವಾಗ ಅಕ್ಕ ಸುಮ್ಮನಾಗುತ್ತಾಳೆ. ನಾನೂ ಅಷ್ಟೇ. ಬೆಂಕಿಯ ಕೆರೆಗೆ ಹೋಗುವವರಲ್ಲಿ ಮರಣವೂ ಪಾತಾಳವೂ ಇವೆ ಎನ್ನುವುದನ್ನು ಮಾತ್ರ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಅಪ್ಪನನ್ನು ನಮ್ಮಿಂದ ಕಿತ್ತುಕೊಂಡ ಮರಣ ಅದು.

ರಾತ್ರಿ ಖೋರಾದ ಕಿರಿದಾದ ಗಲ್ಲಿಗಳಲ್ಲಿ ಹೂವಿನಿಂದ ಸಿಂಗರಿಸಿದ ಕ್ರಿಸ್ತನ ಶವಮಂಚದ ಮೆರವಣಿಗೆ. ಎಲ್ಲರ ಕೈಯಲ್ಲೂ ಮೇಣದಬತ್ತಿ.

ಶನಿವಾರ, ಮಠ

ಖೋರಾದ ತುದಿಯಲ್ಲಿ ಕೋಟೆಯಂಥ ಮಠ. 1088ರಲ್ಲಿ ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನಿನೋಸ್ ದ್ವೀಪವನ್ನೇ ಕ್ರಿಸ್ಟೊಡೊಲೋಸ್ ಎಂಬ ಸನ್ಯಾಸಿಗೆ ದಾನ ಕೊಟ್ಟ. ಕಡಲ್ಗಳ್ಳರ ಭಯಕ್ಕೆ ಅಷ್ಟು ಎತ್ತರದ ಗೋಡೆ. ಮಠ, ಗುಹೆ, ಖೋರಾ ಮೂರೂ 1999ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ವಸ್ತುಸಂಗ್ರಹದಲ್ಲಿ ನೇರಳೆ ಬಣ್ಣದ ಚರ್ಮದ ಮೇಲೆ ಬೆಳ್ಳಿಯ ಅಕ್ಷರದಲ್ಲಿ ಬರೆದ ಆರನೇ ಶತಮಾನದ ಮಾರ್ಕನ ಸುವಾರ್ತೆಯ ಹಾಳೆಗಳಿವೆ.

ವಿಚಿತ್ರ ಏನೆಂದರೆ, ಆರ್ಥೊಡಾಕ್ಸ್ ಚರ್ಚಿನ ವರ್ಷದ ಪೂಜಾಪಾಠಗಳ ಪಟ್ಟಿಯಲ್ಲಿ 'ಪ್ರಕಟನೆ'ಯೇ ಇಲ್ಲ. ಗುಹೆಯನ್ನು ಕಾಪಾಡಿದವರು ಪುಸ್ತಕವನ್ನು ಎಚ್ಚರಿಕೆಯಿಂದ ದೂರವೇ ಇಟ್ಟರು. ಅದಕ್ಕೆ ಕಾರಣವೂ ಇದೆ. 20ನೇ ಅಧ್ಯಾಯದಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಬಗ್ಗೆ ಜಗಳ ಶುರುವಾಗಿ ಶತಮಾನಗಳೇ ಆದವು. ಅದು ಈಗ ನಡೆಯುತ್ತಿರುವ ಸಭೆಯ ಕಾಲವೇ ಎಂದು ಹಳೆಯ ಕಾಲದ ಬಿಷಪ್ ಆಗಸ್ಟಿನ್ ಹೇಳಿದ. ಕ್ರಿಸ್ತ ಮತ್ತೆ ಬಂದ ಮೇಲೆ ಲೆಕ್ಕಕ್ಕೆ ಸಾವಿರ ವರ್ಷ ಎನ್ನುವವರು ಇದ್ದಾರೆ. ವಿಲಿಯಮ್ ಮಿಲ್ಲರ್ ಎಂಬ ಅಮೆರಿಕದ ಬೋಧಕನ ಅನುಯಾಯಿಗಳು ಕ್ರಿಸ್ತ ಬರುವುದು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿ ಕಾದರು, ಏನೂ ಆಗಲಿಲ್ಲ. ಅವರ ಕಣ್ಣೀರು ನಿಜವಾದದ್ದು. ಆದರೆ ದಿನ ಎಣಿಸುವುದರಲ್ಲಿ ಪುಸ್ತಕದ ತಿರುಳು ಕೈಬಿಟ್ಟು ಹೋಗುತ್ತದೆ ಎಂದೇ ನನ್ನ ಅಭಿಪ್ರಾಯ. ಎಲ್ಲ ಸಭೆಗಳೂ ಒಪ್ಪುವ ಮಾತು ಒಂದು ಇದೆ. ಕ್ರಿ.ಶ. 381ರ ವಿಶ್ವಾಸಪ್ರಮಾಣದಲ್ಲಿ ಅದು ಸೇರಿತು: ಆತನ ರಾಜ್ಯಕ್ಕೆ ಅಂತ್ಯವಿಲ್ಲ.

ಮಧ್ಯರಾತ್ರಿಗೆ ಮುಂಚೆ ದೀಪಗಳೆಲ್ಲ ಆರಿದವು. ಗರ್ಭಗುಡಿಯಿಂದ ಒಂದು ಬತ್ತಿ ಬಂತು. ಅದರಿಂದ ಇನ್ನೊಂದು, ಮತ್ತೊಂದು. ಅಂಗಳ ಬೆಳಗಿತು. ಹನ್ನೆರಡಕ್ಕೆ ಗಂಟೆ, ಪಟಾಕಿ, ಬಂದರಿನ ಹಡಗುಗಳ ಸಿಳ್ಳು, ಎಲ್ಲ ಒಟ್ಟಿಗೆ. 'ಕ್ರಿಸ್ತೋಸ್ ಅನೆಸ್ತಿ' ಹಾಡು ಮತ್ತೆ ಮತ್ತೆ ಬಂತು. ಕ್ರಿಸ್ತ ಎದ್ದಿದ್ದಾನೆ, ಮರಣದಿಂದಲೇ ಮರಣವನ್ನು ತುಳಿದಿದ್ದಾನೆ ಎಂದು ಅದರ ಅರ್ಥ. ಪೆರ್ಗಮದಲ್ಲಿ ಓದಿದ ಕುರಿಮರಿಯೇ ಇಲ್ಲಿ ಹಾಡಾಗಿತ್ತು. ಈ ಹಬ್ಬದ ಚಿತ್ರದಲ್ಲಿ ಕ್ರಿಸ್ತ ಪಾತಾಳದ ಮುರಿದ ಬಾಗಿಲುಗಳ ಮೇಲೆ ನಿಂತಿರುತ್ತಾನೆ. ಕಾಲ ಕೆಳಗೆ ಬೀಗ, ಕೀಲಿ, ಮೊಳೆ ಚೆಲ್ಲಾಪಿಲ್ಲಿ. ಎರಡೂ ಕೈಯಲ್ಲಿ ಆದಾಮ, ಹವ್ವರ ಮಣಿಕಟ್ಟು ಹಿಡಿದು ಎಳೆಯುತ್ತಿರುತ್ತಾನೆ. ಅಂಗೈ ಹಿಡಿದಿದ್ದರೆ ಅವರೂ ಹಿಡಿದುಕೊಳ್ಳಬೇಕಿತ್ತು. ಮಣಿಕಟ್ಟು ಹಿಡಿದರೆ ಭಾರವೆಲ್ಲ ಎಳೆಯುವವನದು.

ಕೊನೆಗೆ ಜಾನ್ ಕ್ರಿಸೊಸ್ಟೊಮ್ ಹೆಸರಿನ ಹಳೆಯ ಪ್ರಸಂಗ ಓದಿದರು. ಉಪವಾಸ ಮಾಡಿದವರೂ ಮಾಡದವರೂ ಬನ್ನಿ, ಬೆಳಿಗ್ಗೆ ಬಂದವರೂ ಹನ್ನೊಂದನೇ ತಾಸಿಗೆ ಬಂದವರೂ ಬನ್ನಿ, ಊಟ ಸಿದ್ಧವಾಗಿದೆ. ನಾವು ಇಳಿದಿದ್ದ ಮನೆಯ ಅಜ್ಜಿ ನಡುರಾತ್ರಿ ಎರಡು ಗಂಟೆಗೆ ನಮ್ಮನ್ನು ಅಡುಗೆಮನೆಗೆ ಕರೆದು ಕುರಿಯ ಕರುಳಿನ ಸೂಪು ಬಡಿಸಿದಳು. ಕೆಂಪು ಮೊಟ್ಟೆ ಕೊಟ್ಟು ನನ್ನದಕ್ಕೆ ತನ್ನದನ್ನು ಕುಟ್ಟಿದಳು. ಅವಳದೇ ಗೆದ್ದಿತು.

ಭಾನುವಾರ

ಈಸ್ಟರ್ ಮಧ್ಯಾಹ್ನದ ಪೂಜೆಯಲ್ಲಿ ಒಂದೇ ಸುವಾರ್ತೆಯನ್ನು ಹಲವು ಭಾಷೆಗಳಲ್ಲಿ ಓದುತ್ತಾರೆ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯ, 19ರಿಂದ 25ನೇ ವಚನ. ಕನ್ನಡ ಇರಲಿಲ್ಲ, ನಾವು ಫೋನಿನಲ್ಲಿ ನೋಡಿಕೊಂಡೆವು. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಯೇಸು ನಡುವೆ ಬಂದು ನಿಂತು, ನಿಮಗೆ ಸಮಾಧಾನವಾಗಲಿ ಎಂದು ಹೇಳಿ, ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಮರಣವನ್ನು ಗೆದ್ದು ಬಂದಿದ್ದಾನೆ, ಗಾಯಗಳು ಹಾಗೇ ಇವೆ. ಬರ್ಲಿನ್‌ನಲ್ಲಿರುವ ಆ ಕೆತ್ತನೆಯಲ್ಲಿ ಗಾಯ ಇರುವುದು ಸೋತವರಿಗೆ.

ತೋಮ ಮಾತ್ರ ಆ ಹೊತ್ತು ಅಲ್ಲಿರಲಿಲ್ಲ. ಆಮೇಲೆ ನಮ್ಮ ಮಲಬಾರಿಗೆ ಬಂದ ಎಂದು ಕೇರಳದ ಕ್ರೈಸ್ತರು ನಂಬುವ ಅದೇ ತೋಮ. ಮೊಳೆಯ ಗುರುತು ನೋಡಿ, ಪಕ್ಕೆಯಲ್ಲಿ ಕೈ ಹಾಕಿದ ಹೊರತು ನಂಬುವುದೇ ಇಲ್ಲ ಎನ್ನುತ್ತಾನೆ. ಅಷ್ಟು ದೊಡ್ಡ ಹಬ್ಬದ ದಿನ ಚರ್ಚ್ ಓದುವ ಪಾಠ ಆ ಮಾತಿಗೇ ನಿಂತುಬಿಡುತ್ತದೆ. ಮುಂದಿನದು ಬರುವ ಭಾನುವಾರಕ್ಕೆ. ಅದಕ್ಕೆ ತೋಮನ ಭಾನುವಾರ ಎಂದೇ ಹೆಸರು. ಅಷ್ಟು ಹೊತ್ತಿಗೆ ನಾವು ಊರಲ್ಲಿರುತ್ತೇವೆ.